ಹಳೇ ಲಾರಿಯ ಎಕ್ಸಾಸ್ಟ್ ಬ್ರೇಕ್ ಮತ್ತೆ ಚಾಲೂ ಮಾಡುವುದು ಹೇಗೆ?

ಕಲಬುರಗಿ ಅಂದರೆ ಕರಿ ಮಣ್ಣಿನ ಬಯಲು, ಇಲ್ಲೆಲ್ಲಿ ಘಾಟಿ ಬಂತು ಎಂದು ಕೇಳುವವರಿದ್ದಾರೆ. ಶಹಾಬಾದ್ ಪರ್ಸಿ ಕಲ್ಲು ತುಂಬಿಕೊಂಡು ಚಿಂಚೋಳಿ ಕಡೆಯ ಗುಡ್ಡ ಇಳಿದು ನೋಡಲಿ. ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದಷ್ಟೂ ಗಾಲಿಯ ಬ್ರೇಕ್ ಡ್ರಮ್ ಕಾಯುತ್ತದೆ. ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೂ ಗಾಡಿ ಮಾತು ಕೇಳುವುದಿಲ್ಲ. ಇಂಥಲ್ಲಿ ಬೇಕಾಗುವುದೇ ಎಕ್ಸಾಸ್ಟ್ ಬ್ರೇಕ್, ಅಂದರೆ ಇಂಜಿನ್ನಿನ ಹೊಗೆ ದಾರಿ ಮುಚ್ಚಿ ಗಾಡಿ ನಿಧಾನ ಮಾಡುವ ಬ್ರೇಕ್.

ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಟಾಟಾ 1210ರಲ್ಲಿ ಎಕ್ಸಾಸ್ಟ್ ಬ್ರೇಕಿನ ಗಾಳಿ ಪೈಪನ್ನೇ ಕಿತ್ತು, ತಂತಿ ಸುತ್ತಿ ಕಟ್ಟಿದ್ದರು. ಯಾಕೆಂದು ಕೇಳಿದರೆ ಹಳೇ ಡ್ರೈವರ್ ಹೇಳಿದ್ದು ಇಷ್ಟೇ: "ಬಟನ್ ಒತ್ತಿದ್ರ ಇಂಜಿನ್ನೇ ಬಂದ್ ಆಗ್ತದ್ರೀ, ಉಸ್ತಾದ್." ಅದು ಕೆಟ್ಟದ್ದಲ್ಲ, ಹಲವು ಹಳೇ ಗಾಡಿಗಳಲ್ಲಿ ಅದು ಇರುವುದೇ ಹಾಗೆ! ಯಾಕೆಂದು ಮುಂದೆ ಹೇಳುತ್ತೇನೆ.

ಪೆಟ್ರೋಲ್ ಗಾಡಿಯಲ್ಲಿ ಎಕ್ಸಿಲೇಟರ್ ಬಿಟ್ಟರೆ ಗಾಳಿ ಬರುವ ದಾರಿ ಮುಚ್ಚಿಕೊಳ್ಳುತ್ತದೆ, ಇಂಜಿನ್ ಗಾಡಿಯನ್ನು ಹಿಡಿದು ಎಳೆಯುತ್ತದೆ. ಹಳೇ ಡೀಸೆಲ್ ಇಂಜಿನ್ನಿಗೆ ಆ ಬಾಗಿಲಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಅದನ್ನು ವಾಪಸ್ ತಳ್ಳುತ್ತದೆ. ಹಿಡಿತ ಕಡಿಮೆ. ಇದೇ ತಲೆನೋವು ಅಮೆರಿಕದ ಡೀಸೆಲ್ ಇಂಜಿನ್ ತಯಾರಕ ಕ್ಲೆಸ್ಸಿ ಕಮ್ಮಿನ್ಸ್‌ಗೂ ಇತ್ತು. 1931ರಲ್ಲಿ ಕ್ಯಾಲಿಫೋರ್ನಿಯಾದ ಘಾಟಿ ಇಳಿಯುವಾಗ ಬ್ರೇಕ್ ಸೋತು, ರೈಲಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಒತ್ತಿದ ಗಾಳಿ ಪಿಸ್ಟನ್ನನ್ನು ವಾಪಸ್ ತಳ್ಳುವ ಮೊದಲೇ ಅದನ್ನು ಹೊರಬಿಡುವ ಬ್ರೇಕ್ ಆಮೇಲೆ ಅವರ ತಲೆಗೆ ಹೊಳೆಯಿತು. 1961ರಲ್ಲಿ ಅದು ಜೇಕಬ್ಸ್ ಕಂಪನಿಯ ಹೆಸರಲ್ಲಿ ತಯಾರಾಗತೊಡಗಿತು. ನಮ್ಮ ಹಳೇ ಲಾರಿಗಳಲ್ಲಿರುವುದು ಅದಕ್ಕಿಂತ ಸರಳ: ಹೊಗೆ ಹೋಗುವ ಪೈಪಿಗೆ ಅಡ್ಡ ಒಂದು ಬಿಲ್ಲೆ. ಅದು ಮುಚ್ಚಿದರೆ ಹೊಗೆ ಹೊರಹೋಗದೆ ಪಿಸ್ಟನ್ನಿಗೇ ಎದುರು ನಿಲ್ಲುತ್ತದೆ.

ಮೊದಲ ಕೆಲಸ, ಆ ಬಿಲ್ಲೆ ಹುಡುಕುವುದು. ಗಾಡಿ ಸಮತಟ್ಟಿನಲ್ಲಿರಲಿ, ಗಾಲಿಗೆ ಕಲ್ಲು ಕೊಡಿ, ಇಂಜಿನ್ ಪೂರ್ತಿ ಆರಿರಲಿ. ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆಯೆಲ್ಲ ಬಂದು ಕೂಡುವ ಪೈಪು) ಆದ ಮೇಲೆ, ಸೈಲೆನ್ಸರ್‌ಗೆ ಮುಂಚೆ, ಪೈಪಿನ ಪಕ್ಕದಲ್ಲಿ ಒಂದು ಸಣ್ಣ ಲಿವರ್ ಕಾಣುತ್ತದೆ. ಕೈಯಿಂದ ತಿರುಗಿಸಿ. ನನ್ನದು ಅಲುಗಲೇ ಇಲ್ಲ, ಮಸಿ ಕಟ್ಟಿ ಕಲ್ಲಾಗಿತ್ತು. ರಾತ್ರಿ ಡೀಸೆಲ್ ಬಿಟ್ಟು, ಬೆಳಿಗ್ಗೆ ಮರದ ತುಂಡಿಟ್ಟು ಮೆಲ್ಲಗೆ ಬಡಿದೆವು. ಮೂರನೇ ದಿನಕ್ಕೆ ಬಿಟ್ಟುಕೊಟ್ಟಿತು. ಸಾದಾ ಗ್ರೀಸ್ ಮಾತ್ರ ಹಚ್ಚಬೇಡಿ. ಆ ಕಾವಿಗೆ ಅದು ಸುಟ್ಟು ಮತ್ತೆ ಅಂಟುತ್ತದೆ. ಬಿಲ್ಲೆಯಲ್ಲಿ ಸಣ್ಣ ತೂತಿದ್ದರೆ ಅದನ್ನು ಮುಚ್ಚಿಸಬೇಡಿ. ಒತ್ತಡ ಮಿತಿ ಮೀರದಿರಲಿ ಎಂದೇ ಅದನ್ನು ಬಿಟ್ಟಿರುತ್ತಾರೆ.

ಆಮೇಲೆ ಗಾಳಿ. ಬಿಲ್ಲೆಯ ಲಿವರ್ ತಿರುಗಿಸುವುದು ಗಾಳಿಯಿಂದ ನಡೆಯುವ ಒಂದು ಸಣ್ಣ ಸಿಲಿಂಡರ್. ಇಂಜಿನ್ ಚಾಲೂ ಮಾಡಿ ಗಾಳಿ ಟ್ಯಾಂಕ್ ತುಂಬಿಸಿ, ಬಂದ್ ಮಾಡಿ. ಕ್ಲೀನರ್ ಡ್ರೈವರ್ ಸೀಟಿನಲ್ಲಿ ಕೂತು ಕಾಲ ಕೆಳಗಿನ ಬಟನ್ ಒತ್ತಲಿ, ನೀವು ಹೊರಗೆ ನಿಂತು ನೋಡಿ. ಸಿಲಿಂಡರಿನ ರಾಡ್ ಚುರುಕಾಗಿ ಮುಂದೆ ಬರಬೇಕು, ಬಿಟ್ಟೊಡನೆ ಪೂರ್ತಿ ವಾಪಸ್ ಹೋಗಬೇಕು. ಅರ್ಧಕ್ಕೇ ನಿಂತರೆ ಸ್ಪ್ರಿಂಗ್ ಬದಲಿಸಿ. ಇಲ್ಲವಾದರೆ ಗಾಡಿ ಯಾವಾಗಲೂ ಮೂಗು ಮುಚ್ಚಿಕೊಂಡು ಓಡಿದ ಹಾಗೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದರೆ ಸೋರುವ ಜಾಗ ತಾನೇ ಗುಳ್ಳೆ ಬಿಡುತ್ತದೆ.

ಇನ್ನು ಇಂಜಿನ್ ಬಂದ್ ಆಗುವ ವಿಷಯ. ಅದೇ ಬಟನ್ನಿಗೆ ಇನ್ನೊಂದು ಸಣ್ಣ ಸಿಲಿಂಡರ್ ಇರುತ್ತದೆ, ಅದು ಪಂಪಿನ ಲಿವರ್ ಎಳೆದು ಡೀಸೆಲ್ ನಿಲ್ಲಿಸುತ್ತದೆ. ಹೊಗೆ ದಾರಿ ಮುಚ್ಚಿರುವಾಗ ಡೀಸೆಲ್ ಸುರಿದರೆ ಕೆಲಸ ಕೆಡುತ್ತದಲ್ವಾ? ನಿಂತ ಗಾಡಿಯಲ್ಲಿ ಒತ್ತಿದರೆ ಇಂಜಿನ್ ಆರುವುದು ಅದಕ್ಕೇ. ಓಡುವಾಗ ಗಾಲಿಗಳೇ ಅದನ್ನು ತಿರುಗಿಸುತ್ತಿರುತ್ತವೆ, ಆರುವ ಮಾತಿಲ್ಲ. ಬಟನ್ ಒತ್ತಿದಾಗ ಕರಿ ಹೊಗೆ ಬಂದರೆ ಈ ಸಣ್ಣ ಸಿಲಿಂಡರನ್ನೇ ಮೊದಲು ನೋಡಿ.

ಮೊದಲ ಸಲ ಖಾಲಿ ಗಾಡಿಯಲ್ಲಿ, ಬಯಲು ರಸ್ತೆಯಲ್ಲಿ, ಮಳೆ ಇಲ್ಲದಾಗ ನೋಡಿ. ನೆಲ ಒದ್ದೆಯಿದ್ದರೆ ಹಿಂದಿನ ಗಾಲಿ ಜಾರಬಹುದು. ಇಳಿಜಾರಿನಲ್ಲಾದರೆ ಇಳಿಯುವ ಮೊದಲೇ ಗೇರ್ ತಗ್ಗಿಸಿ. ಹತ್ತಿದ ಗೇರಲ್ಲೇ ಇಳಿ ಅನ್ನುವುದು ಹಳಬರ ಲೆಕ್ಕ, ಅದಕ್ಕಿಂತ ಮೇಲೆ ಹೋಗಬೇಡಿ. ಬಟನ್ ಒತ್ತಿರುವಾಗ ಕ್ಲಚ್ ಮುಟ್ಟಬೇಡಿ. ಗೇರ್ ಬದಲಿಸಬೇಕಿದ್ದರೆ ಬಟನ್ ಬಿಟ್ಟು ಬದಲಿಸಿ. ಇಂಜಿನ್ ಕಿರುಚಲು ಶುರುವಾದರೆ ಕಾಲಿನ ಬ್ರೇಕನ್ನು ಗಟ್ಟಿಯಾಗಿ ಒಂದೆರಡು ಸಲ ಒತ್ತಿ ಬಿಡಿ. ಕಾಲು ಅಲ್ಲೇ ಇಟ್ಟುಕೊಂಡು ಕೂರಬೇಡಿ. ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್‌ನಲ್ಲಿ ಬಿಡುವುದಂತೂ ಶುದ್ಧ ಹುಚ್ಚು. ಗೇರಿನಲ್ಲಿ ಕಾಲು ತೆಗೆದರೆ ಪಂಪು ಡೀಸೆಲ್ ಕೊಡುವುದೇ ಇಲ್ಲ, ನ್ಯೂಟ್ರಲ್‌ನಲ್ಲಾದರೆ ಕೊಡುತ್ತಲೇ ಇರುತ್ತದೆ.

ಕೆಳಗಿಳಿದ ಮೇಲೆ ಐದು ನಿಮಿಷ ನಿಲ್ಲಿಸಿ, ಅಂಗೈ ಹಿಂಭಾಗವನ್ನು ಒಂದೊಂದೇ ಡ್ರಮ್ಮಿನ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಎಡಕ್ಕೂ ಬಲಕ್ಕೂ ಕಾವು ಒಂದೇ ಇರಬೇಕು. ಒಂದು ಕಡೆ ಜಾಸ್ತಿ ಇದ್ದರೆ ಎರಡೂ ಕಡೆಯ ಬ್ರೇಕ್ ನೋಡಿಸಿ ಸೆಟ್ ಮಾಡಿಸಿ. ತಣ್ಣಗಾಗಲಿ ಎಂದು ಕೊಡ ನೀರು ಸುರಿದೀರಿ, ಡ್ರಮ್ ಸೀಳು ಬಿಡುತ್ತದೆ.