ಇಡೀ ರಾತ್ರಿಯ ಯಕ್ಷಗಾನದ ಆಟ ಒಂದೇ ಬ್ಲೂ-ರೇಯಲ್ಲಿ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಉಳಿದಿರುವ ಯಕ್ಷಗಾನದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ನಾನು ಬಹುಕಾಲ ಡಿವಿಡಿಗೆ ಇಳಿಸಿಕೊಡುತ್ತಿದ್ದೆ. ಅವನ್ನೇ ಡಿವಿಡಿಗಿಂತ ಹೆಚ್ಚು ಹಿಡಿಯುವ ಬ್ಲೂ-ರೇ ಡಿಸ್ಕಿಗೆ ಹಾಕಲು ಹೊರಟಾಗ ಇದೇ ಕಸುಬಿನ ಗೆಳೆಯರು ನಕ್ಕರು. "ಕ್ಯಾಸೆಟಿನಲ್ಲೇ ಇಲ್ಲದ ಸ್ಪಷ್ಟತೆ ಡಿಸ್ಕಿನಲ್ಲಿ ಎಲ್ಲಿಂದ ಬರುತ್ತದೆ ಮಾರಾಯ್ರೇ?" ಎಂದು ಕೇಳಿದರು. ವಿಎಚ್‌ಎಸ್‌ನಲ್ಲಿರುವುದು ಸುಮಾರು 240 ಗೆರೆಗಳ ವಿವರ. ಅದಕ್ಕೆ ಡಿವಿಡಿಯ 720×576 ಧಾರಾಳವಾಯಿತು. ನನಗೆ ಬೇಕಾಗಿದ್ದುದು ಸ್ಪಷ್ಟತೆಯಲ್ಲ, ಡಿಸ್ಕಿನಲ್ಲಿ ಜಾಗ.

ಇಡೀ ರಾತ್ರಿಯ ಆಟವೆಂದರೆ ಮೂರು ಗಂಟೆ ಓಡುವ ಇ-180 ಕ್ಯಾಸೆಟ್ ಮೂರು, ಹತ್ತಿರ ಹತ್ತಿರ ಎಂಟು ಗಂಟೆ. ಮರ್ಯಾದೆಯ ಬಿಟ್‌ರೇಟ್ (ಒಂದೊಂದು ಸೆಕೆಂಡಿನ ಚಿತ್ರಕ್ಕೆ ಕೊಡುವ ಜಾಗ) ಇಟ್ಟರೆ 4.7 ಜಿಬಿಯ ಡಿವಿಡಿಯಲ್ಲಿ ಎರಡು ಗಂಟೆ ಹಿಡಿಯುತ್ತದೆ. ಭಾಗವತರು ಏರುಪದಕ್ಕೆ ಏರುವ ಹೊತ್ತಿಗೆ ಸರಿಯಾಗಿ ಡಿಸ್ಕ್ ಮುಗಿಯುತ್ತದೆ. ಎರಡೇ ಡಿವಿಡಿಗೆ ಹಿಸುಕಿದಾಗ ಕಿರೀಟದ ಮಿಂಚೆಲ್ಲ ಚೌಕ ಚೌಕವಾಗಿ ಒಡೆಯಿತು.

ಬ್ಲೂ-ರೇ ಎಂದಮೇಲೆ ಚಿತ್ರವನ್ನು 1080 ಗೆರೆಗೆ ಹಿಗ್ಗಿಸಬೇಕೆಂದು ಎಲ್ಲರೂ ಹೇಳುತ್ತಿದ್ದುದರಿಂದ ಅದನ್ನೂ ಮಾಡಿ ನೋಡಿದೆ. ಕಂಪ್ಯೂಟರ್ ರಾತ್ರಿ ಹಗಲು ಓಡಿತು, ಕರೆಂಟ್ ಬಿಲ್ ಏರಿತು, ವೇಷಗಳ ಮುಖ ಮೇಣದ ಬೊಂಬೆಯಂತಾಯಿತು. ಅದಕ್ಕಿಂತ ಕೆಟ್ಟದ್ದು ದಿಗಿಣದ, ಅಂದರೆ ಹಾರಿ ಸುತ್ತುವ ಕುಣಿತದ ಗತಿ. ನಮ್ಮ ಹಳೆಯ ಟಿವಿ ಪದ್ಧತಿಯಾದ ಪಾಲ್ ಚಿತ್ರದಲ್ಲಿ ಸೆಕೆಂಡಿಗೆ 50 ಫೀಲ್ಡ್‌ಗಳಿದ್ದು (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರಗಳು), ಒಂದೊಂದೂ ಬೇರೆ ಬೇರೆ ಕ್ಷಣವನ್ನು ಹಿಡಿದಿರುತ್ತದೆ. ಹಿಗ್ಗಿಸುವಾಗ ಅವನ್ನು 25 ಪೂರ್ಣ ಫ್ರೇಮ್‌ಗೆ ಇಳಿಸಿದ್ದರಿಂದ ಪುಂಡುವೇಷದವನು ಸುತ್ತುವುದರ ಬದಲು ತಡವರಿಸುತ್ತಾ ಹಾರಿದ. ಆದ್ದರಿಂದ 576 ಗೆರೆಗಳನ್ನು ಇಂಟರ್‌ಲೇಸ್ (ಅರ್ಧ ಚಿತ್ರಗಳ ಹೆಣಿಗೆ) ಸಮೇತ ಇದ್ದ ಹಾಗೆಯೇ ಉಳಿಸಿ, ಕಡಿಮೆ ಜಾಗದಲ್ಲಿ ಚಿತ್ರ ಹಿಡಿಸುವ ಎಚ್.264 ವಿಧಾನಕ್ಕೆ ಮಾತ್ರ ಬದಲಾಯಿಸಿದೆ. ಬ್ಲೂ-ರೇ ನಿಯಮದಲ್ಲಿ ಇದಕ್ಕೆ ಅವಕಾಶವಿದೆ. ನಕ್ಕವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ಫೀಲ್ಡಿನ ಕ್ರಮ ತಿರುಗುಮುರುಗಾಗಿಲ್ಲವೆಂದು ದಿಗಿಣದ ತುಣುಕೊಂದನ್ನು ಟಿವಿಯಲ್ಲೇ ಹಾಕಿ ನೋಡಬೇಕು, ಮಾನಿಟರಿನಲ್ಲಿ ಅದು ತಿಳಿಯುವುದಿಲ್ಲ.

ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, ಕುಗ್ಗಿಸದ ಧ್ವನಿಗೆ ಒಂದೂವರೆ. ಎಂಟು ಗಂಟೆಗೆ ಇಪ್ಪತ್ತಮೂರೂವರೆ ಜಿಬಿಯ ಆಸುಪಾಸು. 25 ಜಿಬಿಯ ಡಿಸ್ಕಿನಲ್ಲಿ ಆರಂಭದ ಕೇಳಿಯಿಂದ ಕೊನೆಯ ಮಂಗಳದವರೆಗೆ ಎಲ್ಲಿಯೂ ತುಂಡಾಗದೆ ಕೂತಿತು. ಧ್ವನಿಯನ್ನು ಕುಗ್ಗಿಸಿಯೂ ನೋಡಿದ್ದೆ. ಚೆಂಡೆಯ ಉರುಳಿಕೆ ಮಂಕಾದದ್ದರಿಂದ ಕೈಬಿಟ್ಟೆ.

ಹಣದ ವಿಷಯ ಹೇಳುವುದಾದರೆ, ಡಿಸ್ಕ್ ಬರೆಯುವ ರೈಟರಿಗೆ ಏಳು ಸಾವಿರದಷ್ಟು ಹೋಯಿತು. ಮೊದಲು ತಂದ ಡಿಸ್ಕ್‌ಗಳು ಅಗ್ಗದ ಎಲ್‌ಟಿಎಚ್ ಜಾತಿಯವು. ಇವುಗಳಲ್ಲಿ ಡಿವಿಡಿಯಂತೆಯೇ ಸಾವಯವ ಬಣ್ಣದ ಪದರವಿರುತ್ತದೆ, ನಮ್ಮ ಮಳೆಗಾಲದ ತೇವ ಕಳೆಯುವಷ್ಟರಲ್ಲಿ ಕೆಲವು ಓದದಾದವು. ನಿರವಯವ ಪದರದ ಡಿಸ್ಕಿಗೆ ಹೆಚ್ಚುಕಡಿಮೆ ಎರಡರಷ್ಟು, ಅಂದರೆ ನೂರೈವತ್ತು ರೂಪಾಯಿಯ ಹತ್ತಿರ ಕೊಟ್ಟೆ. ಅವು ಇಂದಿಗೂ ಓಡುತ್ತಿವೆ. ಬರೆಯುವಾಗಲೇ ಕರೆಂಟ್ ಹೋಗಿ ಕೆಟ್ಟ ಡಿಸ್ಕ್‌ಗಳ ದುಡ್ಡು ಕೂಡಿಸಿದ್ದರೆ ಯುಪಿಎಸ್ ಮೊದಲೇ ಬರುತ್ತಿತ್ತು.

ಪೆನ್‌ಡ್ರೈವ್ ಸಾಲದೇ ಎಂದು ಕೇಳುವವರಿಗಾಗಿ ಅದನ್ನೂ ಪರೀಕ್ಷಿಸಿದೆ. ಪೆನ್‌ಡ್ರೈವನ್ನು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಎನ್‌ಟಿಎಫ್‌ಎಸ್ ರೀತಿಯಲ್ಲಿ ಮಾಡಿದರೆ ಹಳೆಯ ಟಿವಿಗಳು ಗುರುತಿಸಲಿಲ್ಲ; ತುಂಡು ಮಾಡುವ ತಾಪತ್ರಯ ತಪ್ಪಲೇ ಇಲ್ಲ.

2016ರಲ್ಲಿ ಫುನಾಯ್ ಕಂಪೆನಿಯೂ ಕ್ಯಾಸೆಟ್ ಓಡಿಸುವ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ, ಟೇಪ್ ಓದುವ ಹೆಡ್ಡಿಗಾಗಿ ಹಳೆಯ ವಿಸಿಆರ್‌ಗಳನ್ನೇ ಕೊಂಡು ಬಿಚ್ಚಿಟ್ಟುಕೊಂಡಿದ್ದೇನೆ. ಬೂಷ್ಟು ಹಿಡಿದ ಟೇಪನ್ನು ಹೆಡ್ ಕೆಡದಂತೆ ಓಡಿಸುವ ನನ್ನ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ಪ್ರಶ್ನೆ.

ಎರಡು ಮೂರು ಗಂಟೆಯ ಮದುವೆ ಕ್ಯಾಸೆಟ್ ತಂದವರಿಗೆ ಈಗಲೂ ಡಿವಿಡಿಯನ್ನೇ ಹೇಳುತ್ತೇನೆ. ಅದಕ್ಕಾಗಿ ಅವರು ಬ್ಲೂ-ರೇ ಪ್ಲೇಯರ್ ಕೊಳ್ಳುವುದು ದಂಡ. ಆಟದ ಕ್ಯಾಸೆಟ್ ತಂದವರಿಗೆ ಪ್ಲೇಯರ್ ಸೇರಿಸಿಯೇ ಲೆಕ್ಕ ಕೊಡುತ್ತೇನೆ, ಮುಂಗಡ ಅರ್ಧ.