ಸ್ಲೈಡ್ ಹಗುರ, ಪ್ರಶ್ನೆ ಭಾರ

ಆನ್‌ಲೈನ್‌ನಲ್ಲಿ ಕಲಿಯುವವರಿಗಾಗಿ ನಾನು ಸಂಖ್ಯಾಶಾಸ್ತ್ರದ ಆರಂಭದ ಪಾಠಗಳನ್ನು ಮಾಡುತ್ತೇನೆ. ಸ್ಲೈಡ್ ಮುಟ್ಟುವ ಮುಂಚೆ ಪ್ರಶ್ನೆಗಳನ್ನು ಬರೆದುಕೊಳ್ಳುತ್ತೇನೆ. ಪಾಠ ಮುಗಿದು ಒಂದು ವಾರ ಕಳೆದ ಮೇಲೆ ಇವರಿಗೆ ಏನು ಮಾಡೋಕೆ ಬರಬೇಕು? ಅದಕ್ಕೆ ಬೇಕಿಲ್ಲದ ಚಿತ್ರ, ಸಂಗೀತ, ಸ್ವಾರಸ್ಯದ ಉಪಕಥೆ ಎಲ್ಲಕ್ಕೂ ಕತ್ತರಿ.

ನಮ್ಮ ತಲೆ ಒಂದೇ ಹೊತ್ತಿಗೆ ಹಿಡಿದುಕೊಳ್ಳುವ ಹೊಸ ಸಂಗತಿಗಳು ತುಂಬಾ ಕಡಿಮೆ. ಏಳರ ಆಸುಪಾಸು ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಹೇಳಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ನಾನು ನಾಲ್ಕನ್ನೇ ಲೆಕ್ಕಕ್ಕಿಟ್ಟುಕೊಳ್ಳುತ್ತೇನೆ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ಮಾನಕ ವಿಚಲನೆಯ ಸೂತ್ರವನ್ನೇ ನೋಡಿ: ಸರಾಸರಿ, ವ್ಯತ್ಯಾಸ, ವರ್ಗ, ಮೊತ್ತ, ಭಾಗಾಕಾರ, ವರ್ಗಮೂಲ. ಹೊಸಬರಿಗೆ ಇಷ್ಟನ್ನೂ ಒಟ್ಟಿಗೆ ತೋರಿಸಿದರೆ ಮುಗೀತು. ಹಾಗಾಗಿ ಮೊದಲು ಪೂರ್ತಿ ಬಿಡಿಸಿದ ಲೆಕ್ಕ ಕೊಡುತ್ತೇನೆ. ಮುಂದಿನದರಲ್ಲಿ ಕೊನೆಯ ಹೆಜ್ಜೆ ಖಾಲಿ. ಅದರ ಮುಂದಿನದರಲ್ಲಿ ಕೊನೆಯ ಎರಡು. ಹೀಗೆ ನಿಧಾನವಾಗಿ ಇಡೀ ಲೆಕ್ಕ ಅವರ ಕೈಗೆ ಹೋಗುತ್ತದೆ. ಆದರೆ ವಿಷಯ ಗೊತ್ತಿರುವವರಿಗೆ ಇದೇ ಸಹಾಯ ಅಡ್ಡಿಯಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಅವರಿಗೆ ಶುರುವಿನಲ್ಲೇ ಪುಟ್ಟ ಪರೀಕ್ಷೆ. ಪಾಸಾದರೆ ನೇರ ಲೆಕ್ಕಕ್ಕೆ.

ಗ್ರಾಫಿನ ಹೆಸರುಗಳನ್ನು ಮೂಲೆಯ ಡಬ್ಬಿಯಲ್ಲಿ ಇಡದೆ ಗೆರೆಯ ಪಕ್ಕದಲ್ಲೇ ಬರೆಯುತ್ತೇನೆ. ಪರದೆಯ ಮೇಲಿನ ವಾಕ್ಯವನ್ನೇ ಓದಿ ಹೇಳುವುದಿಲ್ಲ. ಕಣ್ಣಿಗೂ ಕಿವಿಗೂ ಒಂದೇ ಮಾತು ಕೊಟ್ಟರೆ ಎರಡನ್ನೂ ತಾಳೆ ನೋಡುವುದರಲ್ಲೇ ಗಮನ ಖರ್ಚಾಗುತ್ತದೆ. ಸಬ್‌ಟೈಟಲ್ ಮಾತ್ರ ಇರುತ್ತದೆ, ಬೇಕಾದವರು ಆನ್ ಮಾಡಿಕೊಳ್ಳಬಹುದು. ಕಿವಿ ಕೇಳಿಸದವರಿಗೆ, ಪಾಠದ ಭಾಷೆ ಹೊಸದಾದವರಿಗೆ ಅದು ಬೇಕೇ ಬೇಕು.

ಇಷ್ಟೆಲ್ಲ ಸುಲಭ ಮಾಡಿ, ಉಳಿಸಿದ ಶಕ್ತಿಯನ್ನು ನೆನಪಿಸಿಕೊಳ್ಳುವ ಕೆಲಸಕ್ಕೆ ಹಾಕಿಸುತ್ತೇನೆ. ಅಲ್ಲಿ ರಿಯಾಯಿತಿ ಇಲ್ಲ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ಅಂದಮೇಲೆ ವಿಡಿಯೋ ಮುಗಿದ ಕೂಡಲೇ ಬರುವ "ಚೆನ್ನಾಗಿ ಅರ್ಥ ಆಯ್ತು" ಎಂಬ ಮಾತನ್ನು ಎಷ್ಟು ನಂಬಬೇಕು ಅಲ್ವಾ? ಖುಷಿಯಾಗುತ್ತದೆ, ಅಷ್ಟೇ.

ಹಾಗಾಗಿ ವಿಡಿಯೋ ಮಧ್ಯೆ ನಿಲ್ಲುತ್ತದೆ, ಉತ್ತರ ಟೈಪ್ ಮಾಡಬೇಕು. ನಾಲ್ಕು ಆಯ್ಕೆ ಕೊಟ್ಟರೆ ಜನ ಸುಮ್ನೆ ಊಹಿಸುತ್ತಾರೆ. ತಪ್ಪಾದರೆ ಅಂಕ ಹೋಗುವುದಿಲ್ಲ, ಎಲ್ಲಿ ತಪ್ಪಿತು ಎಂದು ಅಲ್ಲೇ ಕಾಣುತ್ತದೆ. ಹಳೆಯ ಪಾಠದ ಪ್ರಶ್ನೆಗಳು ಕೆಲವು ದಿನ ಬಿಟ್ಟು, ಹೊಸದರ ಜೊತೆ ಬೆರೆತು ಮತ್ತೆ ಬರುತ್ತವೆ. ಒಂದು ತಂಡದ ಸಂಬಳದ ಪಟ್ಟಿ ಕೊಡುತ್ತೇನೆ, ಅದರಲ್ಲಿ ಒಬ್ಬರದು ವಿಪರೀತ ಜಾಸ್ತಿ. ಸರಾಸರಿ ಹೇಳಬೇಕೋ, ಮಧ್ಯಾಂಕವೋ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು)? ಇದು ಯಾವ ಅಧ್ಯಾಯದ್ದು ಎಂಬ ಸುಳಿವು ಕೊಡುವುದಿಲ್ಲ. ಯಾವುದನ್ನು ಬಳಸಬೇಕು ಎಂದು ಆರಿಸುವುದೇ ಅಸಲಿ ಕೆಲಸ.

ನೋಡಿ ಕಲಿಯುವವರಿಗೆ ಒಂದು, ಕೇಳಿ ಕಲಿಯುವವರಿಗೆ ಒಂದು ಪಾಠ ಮಾಡಿ ಎಂದು ಆಗಾಗ ಕೇಳುತ್ತಾರೆ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಎಂಬುದಕ್ಕೆ ತಕ್ಕ ಆಧಾರವಿಲ್ಲ ಎಂದು 2008ರಲ್ಲೇ ಪ್ಯಾಷ್ಲರ್ ಮತ್ತು ಸಂಗಡಿಗರು ಬರೆದಿದ್ದಾರೆ. ಹಾಗೆ ಎರಡೆರಡು ಪಾಠ ಮಾಡುವ ಸಮಯದಲ್ಲಿ ನಾನು ಇನ್ನೊಂದಿಷ್ಟು ಪ್ರಶ್ನೆ ಬರೆಯುತ್ತೇನೆ.