ಲಾ ಸ್ಪೆಜಿಯಾದಲ್ಲಿ ಹಡಗು ನಿಂತ ದಿನ ಚಿಂಕ್ವೆ ತೆರೆ: ದೂರದ ಊರು ಮೊದಲು

ಇಟಲಿಯ ಲಿಗೂರಿಯಾ ಕರಾವಳಿಯ ಚಿಂಕ್ವೆ ತೆರೆ ಎಂದರೆ ಐದು ಊರು. ಲಾ ಸ್ಪೆಜಿಯಾ ಬಂದರಿನ ಕಡೆಯಿಂದ ರಿಯೊಮಜ್ಜೋರೆ, ಮನರೋಲಾ, ಕೊರ್ನಿಲ್ಯಾ, ವೆರ್ನಾಜ್ಜಾ, ಮೊಂತೆರೊಸ್ಸೊ. ಕ್ರೂಸ್ ಪ್ರಯಾಣಿಕರು ಹೆಚ್ಚಾಗಿ ಮೊದಲು ಸಿಗುವ ರಿಯೊಮಜ್ಜೋರೆಯಲ್ಲೇ ಇಳಿದು ಒಂದೊಂದಾಗಿ ಮುಂದಕ್ಕೆ ಹೋಗುತ್ತಾರೆ. ನಾನು ಉಲ್ಟಾ ಹೋದೆ: ಮೊದಲು ಮೊಂತೆರೊಸ್ಸೊ, ಆಮೇಲೆ ವೆರ್ನಾಜ್ಜಾ, ಕೊನೆಗೆ ಮನರೋಲಾ. ಹೊತ್ತು ಏರಿದಷ್ಟೂ ಹಡಗಿಗೆ ಹತ್ತಿರವಾಗುತ್ತಾ ಬರುವ ದಾರಿ ಇದು. ಐದನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡಲು ಸಿಗುವುದು ರೈಲ್ವೆ ಪ್ಲಾಟ್‌ಫಾರ್ಮ್ ಮಾತ್ರ. ಮೂರು ಊರು ಧಾರಾಳ ಸಾಕು.

ಹೊತ್ತಿನ ಲೆಕ್ಕವನ್ನು ಕೊನೆಯಿಂದ ಶುರುಮಾಡಿ. ಸಂಜೆ 5.30ಕ್ಕೆ ಎಲ್ಲರೂ ಹಡಗಿನಲ್ಲಿರಬೇಕು ಎಂದಿದ್ದರೆ 4.30ಕ್ಕೆ ಬಂದರಿನ ಗೇಟಿನಲ್ಲಿರಬೇಕು. ಅಂದರೆ 4 ಗಂಟೆಗೆ ಲಾ ಸ್ಪೆಜಿಯಾ ಚೆಂತ್ರಾಲೆ ನಿಲ್ದಾಣದಲ್ಲಿ ಇಳಿದಿರಬೇಕು, 3.30ರ ಒಳಗೆ ಮನರೋಲಾದ ಪ್ಲಾಟ್‌ಫಾರ್ಮಿಗೆ ಬಂದಿರಬೇಕು. ಹಡಗಿನ ಗಡಿಯಾರಕ್ಕೂ ಊರಿನ ಸಮಯಕ್ಕೂ ವ್ಯತ್ಯಾಸವಿದೆಯೇ ಎಂದು ಇಳಿಯುವ ಮೊದಲೇ ಕೇಳಿಕೊಳ್ಳಿ.

ಬಂದರಿನ ಒಳಗೆ ನಡೆದು ಹೋಗಲು ಬಿಡುವುದಿಲ್ಲ, ಗೇಟಿನವರೆಗೆ ಶಟಲ್ ಬಸ್ ಇರುತ್ತದೆ. ಅಲ್ಲಿಂದ ವಿಯಾ ದೆಲ್ ಪ್ರಿಯೋನೆ ಎಂಬ, ವಾಹನಗಳಿಲ್ಲದ ಬೀದಿ ಹಿಡಿದರೆ ನಿಲ್ದಾಣಕ್ಕೆ ಸುಮಾರು 25 ನಿಮಿಷದ ನಡಿಗೆ. ಚಿಂಕ್ವೆ ತೆರೆ ಟ್ರೇನೊ ಕಾರ್ಡನ್ನು ಹಿಂದಿನ ರಾತ್ರಿಯೇ ಆನ್‌ಲೈನ್‌ನಲ್ಲಿ ಕೊಂಡಿಟ್ಟರೆ ಬೆಳಗಿನ ಕೌಂಟರಿನ ಉದ್ದ ಸಾಲು ತಪ್ಪುತ್ತದೆ. ಈ ಕಾರ್ಡಿದ್ದರೆ ಮೊಂತೆರೊಸ್ಸೊ ಆಚೆಯ ಲೆವಾಂತೊದಿಂದ ಲಾ ಸ್ಪೆಜಿಯಾವರೆಗಿನ ಪ್ಯಾಸೆಂಜರ್ ರೈಲುಗಳಲ್ಲಿ ದಿನವಿಡೀ ಎಷ್ಟು ಸಲ ಬೇಕಾದರೂ ಓಡಾಡಬಹುದು, ನಿಲ್ದಾಣದ ಶೌಚಾಲಯವೂ ಅದರಲ್ಲೇ ಸೇರಿದೆ. ಕಾಗದದ ಕಾರ್ಡಾದರೆ ಹೆಸರು ಬರೆದು, ರೈಲು ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಕಾರ್ಡ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ಹತ್ತಬೇಕಾದದ್ದು ಎಲ್ಲ ಊರಲ್ಲೂ ನಿಲ್ಲುವ ಚಿಂಕ್ವೆ ತೆರೆ ಎಕ್ಸ್‌ಪ್ರೆಸ್. ಜೆನೋವಾ ಕಡೆಯ ಇಂಟರ್‌ಸಿಟಿಗಳು ನಡುವಿನ ಊರುಗಳಲ್ಲಿ ನಿಲ್ಲುವುದಿಲ್ಲ, ಅವಕ್ಕೆ ಈ ಕಾರ್ಡೂ ನಡೆಯುವುದಿಲ್ಲ.

ಮೊಂತೆರೊಸ್ಸೊಗೆ ಅರ್ಧ ಗಂಟೆಯೂ ಬೇಡ. ದೊಡ್ಡ ಮರಳಿನ ದಂಡೆ ಇರುವುದು ಇಲ್ಲಿ ಮಾತ್ರ. ಇಲ್ಲಿಂದ ವೆರ್ನಾಜ್ಜಾಗೆ ಬೆಟ್ಟದ ಕಾಲುದಾರಿಯೂ ಇದೆ, ಸುಮಾರು ಮೂರೂವರೆ ಕಿಲೋಮೀಟರ್. ಮೆಟ್ಟಿಲೇ ಹೆಚ್ಚಾದ್ದರಿಂದ ಎರಡು ಗಂಟೆ ಹಿಡಿಯುತ್ತದೆ. ಹವಾಯಿ ಚಪ್ಪಲಿಯಲ್ಲಿ ಈ ದಾರಿ ಹಿಡಿದರೆ ರಾಷ್ಟ್ರೀಯ ಉದ್ಯಾನದವರು ದಂಡ ಹಾಕುತ್ತಾರೆ, ಹಿಡಿತವಿರುವ ಶೂ ಬೇಕು. ನಡೆಯಲಾಗದವರಿಗೆ ನನ್ನ ಸಲಹೆ, ಈ ಒಂದು ತುಂಡು ಹಾದಿಗೆ ಮಾತ್ರ ದೋಣಿ ಹತ್ತುವುದು. ಕಡಿದಾದ ಇಳಿಜಾರಿಗೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ದ್ರಾಕ್ಷಿ ತೋಟದ ಅಂತಸ್ತುಗಳು ನೀರಿನಿಂದಲೇ ಚೆನ್ನಾಗಿ ಕಾಣುತ್ತವೆ. 1997ರಲ್ಲಿ ಈ ಪ್ರದೇಶ ಯುನೆಸ್ಕೊ ಪಟ್ಟಿಗೆ ಸೇರಿದ್ದರಲ್ಲಿ ಆ ಗೋಡೆಗಳ ಪಾಲು ದೊಡ್ಡದು. ದೋಣಿಗೆ ಬೇರೆ ಟಿಕೆಟ್. ಅಲೆ ಎದ್ದರೆ ದೋಣಿ ರದ್ದಾಗುತ್ತದೆ, ಆದ್ದರಿಂದ ಹಿಂದಿರುಗುವ ದಾರಿಗೆ ಅದನ್ನು ನೆಚ್ಚಬೇಡಿ.

ವೆರ್ನಾಜ್ಜಾಗೆ ಒಂದೂವರೆ ಗಂಟೆ ಕೊಡಿ. 2011ರ ಅಕ್ಟೋಬರ್ 25ರ ಪ್ರವಾಹದಲ್ಲಿ ಇದರ ಮುಖ್ಯ ಬೀದಿ ಕೆಸರಿನಲ್ಲಿ ಹೂತುಹೋಗಿತ್ತು. ಇಂದು ಅದೇ ಬೀದಿ ಇಳಿದು ಹೋದರೆ ಪುಟ್ಟ ಬಂದರು, ನೀರಂಚಿನ ಚರ್ಚು. ಇಲ್ಲಿನ ಪ್ಲಾಟ್‌ಫಾರ್ಮ್ ಅರ್ಧ ಸುರಂಗದ ಒಳಗಿದೆ. ಜನರೆಲ್ಲ ಬೆಳಕಿರುವ ಕಡೆಯೇ ಗುಂಪುಗೂಡುತ್ತಾರೆ, ಸುರಂಗದೊಳಕ್ಕೆ ನಡೆದು ನಿಂತವರಿಗೆ ಬೋಗಿ ಹತ್ತುವುದು ಸಲೀಸು.

ಕೊರ್ನಿಲ್ಯಾವನ್ನು ಬಿಟ್ಟದ್ದು ಬೇಕೆಂದೇ. ಊರು ಸಮುದ್ರದಿಂದ ಸುಮಾರು 100 ಮೀಟರ್ ಎತ್ತರದ ಬಂಡೆಯ ಮೇಲಿದೆ. ನಿಲ್ದಾಣದಿಂದ 380ರ ಹತ್ತಿರ ಮೆಟ್ಟಿಲು, ಇಲ್ಲವೇ ತುಂಬಿ ಬರುವ ಮಿನಿ ಬಸ್ಸು.

ಊಟಕ್ಕೆ ಸಸ್ಯಾಹಾರಿಗಳು ಪರದಾಡಬೇಕಿಲ್ಲ. ಫಾರಿನಾತಾ ಎಂದರೆ ಕಾಬೂಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ ಕಲಸಿ ದೊಡ್ಡ ತಟ್ಟೆಯಲ್ಲಿ ಹೊಯ್ದು ಬೇಯಿಸಿದ್ದು, ದಪ್ಪ ಕಡಲೆಹಿಟ್ಟಿನ ದೋಸೆಯಂತೆ. ಬಿಸಿಯಾಗಿದ್ದಾಗಲೇ ತಿನ್ನಬೇಕು, ಆರಿದರೆ ಬಿರುಸಾಗುತ್ತದೆ. ಕಟ್ಟುನಿಟ್ಟಿನವರು ಪೆಸ್ತೊ ಎಂಬ ಬೇಸಿಲ್ ಎಲೆಯ ಚಟ್ನಿಯ ಬಗ್ಗೆ ಎಚ್ಚರವಾಗಿರಲಿ: ಅದಕ್ಕೆ ಹಾಕುವ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ.

ಮನರೋಲಾವನ್ನು ಕೊನೆಗಿಡಲು ಬೆಳಕೂ ಕಾರಣ. ಮಧ್ಯಾಹ್ನದ ನಂತರ ಬಿಸಿಲು ಸಮುದ್ರದ ಕಡೆಯಿಂದ ಮನೆಗಳ ಮುಖಕ್ಕೆ ಬೀಳುತ್ತದೆ. ನಿಲ್ದಾಣದಿಂದ ಸುರಂಗ ದಾಟಿ, ದೋಣಿಗಟ್ಟೆಯ ಬಲಕ್ಕೆ ಸುಮಾರು ಹತ್ತು ನಿಮಿಷ ನಡೆದರೆ ಪುಂತಾ ಬೊನ್‌ಫಿಲ್ಯೊ. ಎಲ್ಲರೂ ತೆಗೆಯುವ ಆ ಫೋಟೊ ಸಿಗುವ ಜಾಗ ಇದೇ.

ರೈಲು ಕೈಕೊಟ್ಟರೂ ಇಲ್ಲಿಂದ ಲಾ ಸ್ಪೆಜಿಯಾಗೆ ಬೆಟ್ಟದ ರಸ್ತೆಯಿದೆ, ಟ್ಯಾಕ್ಸಿ ಕರೆಸಬಹುದು. ಇಟಲಿಯಲ್ಲಿ ರೈಲು ಮುಷ್ಕರದ ದಿನಾಂಕ ಮೊದಲೇ ಪ್ರಕಟವಾಗುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಕೆಲವು ಪ್ರಾದೇಶಿಕ ರೈಲು ಓಡಿಸಲೇಬೇಕೆಂಬ ನಿಯಮವಿದೆ. ಹಡಗಿನವರಿಗೆ ಬೇಕಾದ ಹೊತ್ತು ಆ ಎರಡರ ನಡುವೆ ಬೀಳುತ್ತದೆ. ಮುಷ್ಕರದ ದಿನವಾದರೆ ಈ ಯೋಜನೆ ಕೈಬಿಟ್ಟು, ಲಾ ಸ್ಪೆಜಿಯಾದಿಂದ ಬಸ್ಸಿನಲ್ಲೋ ದೋಣಿಯಲ್ಲೋ ಹತ್ತಿರದ ಕಡಲತೀರದ ಊರು ಪೋರ್ತೊವೆನೆರೆಗೆ ಹೋಗಿ ಬನ್ನಿ.